ಇಚ್ಚ ಪರೀಕ್ಷಿಸಿದ ತೋಟೆಗಳು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಅವರ ಹೆಸರನ್ನು ಕಾಗದವೊಂದರ ಕೆಳಗೆ ಟೈಪ್ ಮಾಡಿ, ಅದರ ಮೇಲೆ ಅವರಿಂದ ಸಹಿ ಹಾಕಿಸಿಕೊಂಡು ನಾನು ಮಾಡಿದ ಕೆಲಸವೇ ಸಾಕು. ಅಬುಧಾಬಿಯ ಹೊರಗೆ, ಮರಳುಗಾಡಿನ ಅಂಚಿನಲ್ಲಿದ್ದ ಆ ಶೂಟಿಂಗ್ ಕ್ಲಬ್ಬಿನಲ್ಲಿ ಎಲ್ಲರೂ ಅವರನ್ನು ಇಚ್ಚ ಎಂದೇ ಕರೆಯುತ್ತಿದ್ದರು. ಬ್ಯಾರಿ ಭಾಷೆಯಲ್ಲಿ ಅಣ್ಣ ಎಂದರ್ಥ. ಗೇಟಿನ ಸೂಡಾನಿ, ಕೌಂಟರಿನ ಮಲಯಾಳಿ, ಬಿಳಿ ನಿಲುವಂಗಿ ಕಂದೂರ ತೊಟ್ಟು ಬರುವ ಅರಬ್ಬಿ ಸದಸ್ಯರು, ಎಲ್ಲರಿಗೂ ಅವರು ಇಚ್ಚನೇ. ಅದೇ ಅವರ ಹೆಸರೆಂದು ಅರ್ಧ ಜನ ನಂಬಿದ್ದರು. ಈ ಚಳಿಗಾಲದ ಆರಂಭದಲ್ಲಿ ಅವರು ಬಂಟ್ವಾಳದ ಹತ್ತಿರದ ತಮ್ಮ ಮನೆಯಲ್ಲಿ ತೀರಿಕೊಂಡರು. ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಬಲ್ಲವರು ಬಹಳ ಮಂದಿ ಇದ್ದಾರೆ. ನಾನು ಹೇಳಹೊರಟರೆ ನನ್ನ ಬಗ್ಗೆಯೂ ಹೇಳಬೇಕಾಗುತ್ತದೆ. ಅದಕ್ಕೇ ಇಷ್ಟು ದಿನ ಸುಮ್ಮನಿದ್ದೆ.

ಅವರು ನನ್ನನ್ನು 'ಮಾಸ್ಟ್ರೆ' ಎನ್ನುತ್ತಿದ್ದರು. ನಾನು ಯಾವ ಶಾಲೆಯಲ್ಲೂ ಪಾಠ ಹೇಳಿದವನಲ್ಲ. ಮೈಸೂರಿನಲ್ಲಿ ಬಿ.ಕಾಂ. ಮುಗಿಸಿ ಬಂದು, ಮುಸಫ್ಫಾದಲ್ಲಿ ಕ್ರೀಡಾ ಸಾಮಾನು ತರಿಸಿ ಮಾರುವ ಒಂದು ಕಂಪನಿಯಲ್ಲಿ ಕಾಗದಪತ್ರ ನೋಡಿಕೊಳ್ಳುತ್ತಿದ್ದೆ. ಇಚ್ಚ ಓದಿದ್ದು ಏಳನೆಯ ಕ್ಲಾಸು, ಅದೂ ಕನ್ನಡ ಶಾಲೆಯಲ್ಲಿ. ಅರಬ್ಬಿ, ಹಿಂದಿ, ಮಲಯಾಳ ನೀರು ಕುಡಿದ ಹಾಗೆ ಮಾತಾಡುತ್ತಿದ್ದರು. ಓದಲು ಬರುತ್ತಿದ್ದದ್ದು ಕನ್ನಡ ಮತ್ತು ಕುರ್‌ಆನಿನ ಅರಬ್ಬಿ. ಪೆನ್ನು ಹಿಡಿದು ಸಂಬಳ ತೆಗೆದುಕೊಳ್ಳುವವರೆಲ್ಲ ಅವರ ಲೆಕ್ಕದಲ್ಲಿ ಮಾಸ್ಟ್ರು.

ತೋಟೆ ಎಂಬ ಮಾತನ್ನು ನಾನು ಕಲಿತದ್ದು ಅವರಿಂದ. ನಮ್ಮ ಬಿಲ್ಲುಗಳಲ್ಲಿ ಅದು ಕಾರ್ಟ್ರಿಜ್. "ಆ ಶಬ್ದಕ್ಕೆ ನನ್ನ ನಾಲಗೆ ತಿರುಗುದಿಲ್ಲ ಮಾಸ್ಟ್ರೆ. ನಮ್ಮ ಕಡೆ ತೋಟೆ ಅಂತಲೇ ಹೇಳುದು. ನಿಮ್ಮ ಮೈಸೂರಲ್ಲಿ ಎಂತ ಹೇಳ್ತಾರೆ?" ಎಂದು ಮೊದಲ ದಿನ ಕೇಳಿದ್ದರು.

"ಏನೂ ಹೇಳಲ್ಲ ಇಚ್ಚ. ನಾನು ಅದನ್ನ ನೋಡಿದ್ದೇ ಇಲ್ಲಿಗೆ ಬಂದ ಮೇಲೆ" ಎಂದೆ.

"ಒಳ್ಳೆದಾಯ್ತು. ಗೊತ್ತಿಲ್ಲದವರು ಸರಿ ಬರೀತಾರೆ. ಅರ್ಧ ಗೊತ್ತಿದ್ದವರೇ ತಮ್ಮದನ್ನು ಸೇರಿಸುದು" ಎಂದರು.

ನಾನು ಅವರನ್ನು ಮೊದಲು ಕಂಡ ಚಳಿಗಾಲದಲ್ಲಿ ನಮ್ಮ ಕಂಪನಿ ಹೊಸ ಬಗೆಯ ತೋಟೆಗಳನ್ನು ತರಿಸುವ ಯೋಚನೆಯಲ್ಲಿತ್ತು. ಸದ್ದು ಕಡಿಮೆ, ಒದೆತವೂ ಕಡಿಮೆ. ಕೋವಿ ಹಾರಿಸಿದಾಗ ಅದರ ಹಿಡಿ ಭುಜಕ್ಕೆ ಗುದ್ದುತ್ತದಲ್ಲ, ಅದೇ ಒದೆತ. ಹೊಸದಾಗಿ ಕಲಿಯಲು ಬಂದವರು ಮೊದಲ ದಿನ ಭುಜ ಕಂದಿಸಿಕೊಂಡು, ಸದ್ದಿಗೆ ಬೆಚ್ಚಿ, ಎರಡನೆಯ ದಿನ ಕ್ಲಬ್ಬಿನ ಕಡೆ ತಲೆ ಹಾಕುತ್ತಿರಲಿಲ್ಲ. ಪಕ್ಕದ ಒಂಟೆ ಫಾರ್ಮಿನವರ ದೂರು ಬೇರೆ ಇತ್ತು. ಇಲ್ಲಿ ಬೇಟೆಯಾಡುವಂತಿಲ್ಲವಾದರೂ ರಜೆಯಲ್ಲಿ ಬೇರೆ ದೇಶಕ್ಕೆ ಹೋಗಿ ಮೊಲ, ಲಾವಕ್ಕಿ ಹೊಡೆಯುವ ಸದಸ್ಯರಿದ್ದರು. ಅವರಿಗೂ ಇಂಥ ಹಗುರ ತೋಟೆ ಬೇಕಿತ್ತು. ಕ್ಲಬ್ಬಿನವರು ಒಂದೇ ಮಾತು ಹೇಳಿದರು: ನಮ್ಮ ಇಚ್ಚ ಹಾರಿಸಿ ನೋಡಲಿ, ಅವನು ಸರಿ ಎಂದರೆ ಕೊಳ್ಳುತ್ತೇವೆ. ಹಾಗೆ ವಾರಕ್ಕೆ ಎರಡು ದಿನ ಬೆಳಿಗ್ಗೆ ಆರೂವರೆಗೆ ನಾನು ಅಲ್ಲಿರಬೇಕಾಯಿತು. ಅವರು ಹಾರಿಸುವುದು, ಕನ್ನಡದಲ್ಲಿ ಹೇಳುವುದು. ನಾನು ಸದ್ದು ಅಳೆಯುವ ಮೀಟರು ನೋಡಿ, ಅವರು ಹೇಳಿದ್ದನ್ನು ಬರೆದುಕೊಂಡು, ಆಫೀಸಿಗೆ ಹೋಗಿ ಇಂಗ್ಲಿಷಿನಲ್ಲಿ ವರದಿ ಮಾಡುವುದು.

ಇಚ್ಚ ಕುಳ್ಳಗಿನ ಆಳು. ಮದರಂಗಿ ಹಚ್ಚಿದ ಗಡ್ಡ, ಹೆಗಲ ಮೇಲೆ ಸದಾ ಒಂದು ಹಳೆಯ ಟವೆಲು. ಇಪ್ಪತ್ತೆರಡನೆಯ ವಯಸ್ಸಿಗೆ ಅಲ್ ಐನ್‌ನ ಮುದುಕ ಅರಬ್ಬಿಯೊಬ್ಬರ ಮನೆಗೆ ಕೆಲಸಕ್ಕೆ ಬಂದವರು. ಆ ಮುದುಕರಿಗೆ ಕೋವಿಗಳ ಹುಚ್ಚು. ಕೋವಿ ಒರೆಸುವುದು, ಎಣ್ಣೆ ಹಾಕುವುದು, ಪಕ್ಕದಲ್ಲಿ ನಿಲ್ಲುವುದು ಇಚ್ಚನ ಕೆಲಸ. ಆ ಕಾಲದಲ್ಲಿ ಕಿವಿಗೆ ಏನೂ ಕಟ್ಟಿಕೊಳ್ಳುತ್ತಿರಲಿಲ್ಲವಂತೆ. ಹತ್ತು ವರ್ಷದಲ್ಲಿ ಎಡಗಿವಿ ಪೂರ್ತಿ ಹೋಯಿತು. ಅದಕ್ಕೇ ಕ್ಲಬ್ಬಿನಲ್ಲಿ ಯಾರಾದರೂ ಕಿವಿಯ ಮುಚ್ಚಳವಿಲ್ಲದೆ ಕೋವಿ ಹಾರಿಸುವ ಜಾಗದ ಗೆರೆ ದಾಟಿದರೆ, ಅವರು ಎಷ್ಟೇ ದೊಡ್ಡವರಿರಲಿ, ಇಚ್ಚ ಕೈ ಅಡ್ಡ ಹಿಡಿಯುತ್ತಿದ್ದರು. "ಕಿವಿ ಹೋದ್ರೆ ವೀಸಾ ಕ್ಯಾನ್ಸಲ್ ಆದ ಹಾಗೆ. ಇನ್ನೊಮ್ಮೆ ಸ್ಟಾಂಪ್ ಹೊಡೀಲಿಕ್ಕೆ ಆಗುದಿಲ್ಲ" ಎಂದು ನನಗೆ ಹೇಳಿದವರು ಸದಸ್ಯರಿಗೆ ಅದನ್ನೇ ಅರಬ್ಬಿಯಲ್ಲಿ ಇನ್ನೂ ಮೆತ್ತಗೆ ಹೇಳುತ್ತಿದ್ದರು.

ಒದೆತ ಅಳೆಯಲು ಅವರದೇ ಒಂದು ವಿಧಾನವಿತ್ತು. ತಮ್ಮ ವೇಸ್ಟ್‌ಕೋಟಿನ ಬಲಭುಜಕ್ಕೆ ಒಂದು ಚಿಕ್ಕ ಬಟ್ಟೆಯ ಜೇಬು ಹೊಲಿದುಕೊಂಡಿದ್ದರು. ಅದರೊಳಗೆ ಒಂದು ಮಾರಿ ಬಿಸ್ಕೆಟ್. ಕೋವಿಯ ಹಿಡಿಯನ್ನು ಅದರ ಮೇಲೆಯೇ ಒತ್ತಿ ಹಾರಿಸುವುದು. ಬಿಸ್ಕೆಟ್ ಪುಡಿಯಾದರೆ ಆ ತೋಟೆ ಪಳಗಿದವರಿಗೆ. ಎರಡು ತುಂಡಾದರೆ ಕಲಿತು ಆರು ತಿಂಗಳಾದವರಿಗೆ. ಇಡಿಯಾಗಿ ಉಳಿದರೆ ಹೊಸಬರಿಗೆ. ಐದು ಸಲ ಹಾರಿಸಿ ಐದು ಬಿಸ್ಕೆಟನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು, "ಬರ್ಕೊಳ್ಳಿ" ಎನ್ನುತ್ತಿದ್ದರು. ನಾನು ಬರೆದಾದ ಮೇಲೆ ಅವನ್ನೇ ಹಾಲಿಲ್ಲದ ಸುಲೈಮಾನಿ ಚಹಾದೊಂದಿಗೆ ಇಬ್ಬರೂ ತಿನ್ನುತ್ತಿದ್ದೆವು.

ಆಫೀಸಿನಲ್ಲಿ ಇದನ್ನು ಹೇಳಿ ನಾನೂ ನಮ್ಮ ಮ್ಯಾನೇಜರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಯಂತ್ರದಿಂದ ಅಳೆಸಿದಾಗ ಬಂದ ಲೆಕ್ಕ ಬಿಸ್ಕೆಟಿನ ಲೆಕ್ಕಕ್ಕೆ ಸರಿಯಾಗಿ ಹೊಂದಿತು. ದುಬೈಯ ಹೋಟೆಲೊಂದರಲ್ಲಿ ತೋಟೆ ತಯಾರಿಸುವ ಕಂಪನಿಯ ಜನರ ಜೊತೆ ಸಭೆಯಿತ್ತು. ನಾನು ಬಿಸ್ಕೆಟಿನ ಫೋಟೊ ಹಾಕಿ, "ನಮ್ಮ ಸರಳ ವಿಧಾನ" ಎಂದು ವಿವರಿಸಿದೆ. ಚಪ್ಪಾಳೆ ಬಿತ್ತು. ಬಹಳ ಜಾಣತನದ ಯೋಚನೆ ಎಂದು ಅವರಲ್ಲೊಬ್ಬ ನನ್ನ ಕೈ ಕುಲುಕಿದ. ಯೋಚನೆ ಯಾರದೆಂದು ಹೇಳಲು ನನಗೆ ಅರ್ಧ ನಿಮಿಷ ಸಾಕಿತ್ತು. ಹೇಳಲಿಲ್ಲ. ಮುಂದೆ ಮಾಡಿದ್ದಕ್ಕೆ ಹೋಲಿಸಿದರೆ ಇದು ಸಣ್ಣದು. ಆದರೆ ಸಣ್ಣದರಲ್ಲಿ ನಾಚಿಕೆಪಡದೆ ಹೋದದ್ದರಿಂದಲೇ ದೊಡ್ಡದಕ್ಕೆ ಕೈ ಹಾಕುವ ಧೈರ್ಯ ಬಂತೆಂದು ಈಗ ಅನ್ನಿಸುತ್ತದೆ.

ಮೊಲದ ಬೇಟೆಯ ತೋಟೆಯನ್ನು ಅವರು ಅಡುಗೆಯವನ ಕಣ್ಣಿನಿಂದ ನೋಡುತ್ತಿದ್ದರು. ದೊಡ್ಡ ಕಾಗದದ ಮೇಲೆ ಬಡಗಿಯ ಪೆನ್ಸಿಲಿನಿಂದ ತಾವೇ ಮೊಲದ ಚಿತ್ರ ಬರೆದು, ಇಪ್ಪತ್ತೈದು ಹೆಜ್ಜೆ ದೂರದಲ್ಲಿ ನಿಲ್ಲಿಸಿ ಹೊಡೆಯುವುದು. ಆಮೇಲೆ ಹತ್ತಿರ ಹೋಗಿ ಚರೆ, ಅಂದರೆ ತೋಟೆಯೊಳಗಿನ ಸಣ್ಣ ಸೀಸದ ಗುಂಡುಗಳು, ತೂರಿದ ತೂತುಗಳಿಗೆ ಒಂದೊಂದಾಗಿ ಸೀಮೆಸುಣ್ಣದ ಗುರುತು ಹಾಕುತ್ತಾ ಎಣಿಸುವುದು. ಅಲ್ ಐನ್‌ನ ಮುದುಕರ ಜೊತೆ ಎಷ್ಟೋ ದೇಶದ ಬೇಟೆಗೆ ಹೋಗಿ, ಅಲ್ಲಿ ಸುಲಿದು ಅಡುಗೆ ಮಾಡಿದವರು ಅವರು. "ಚರೆ ಹೆಚ್ಚು ಬಿದ್ರೆ ತಿನ್ನುವವನ ಹಲ್ಲಿಗೆ ಕೇಡು. ಕಡಿಮೆ ಬಿದ್ರೆ ಅದು ಗಾಯ ಹೊತ್ತುಕೊಂಡು ಓಡ್ತದೆ, ಎಲ್ಲೋ ಪೊದೆಯಲ್ಲಿ ಎರಡು ದಿನ ನರಳಿ ಸಾಯ್ತದೆ. ಅದು ನಮಗೆ ಹಲಾಲೂ ಅಲ್ಲ, ಅದಕ್ಕೆ ಬದುಕೂ ಅಲ್ಲ." ಪರೀಕ್ಷೆಗೆ ಬಂದ ಮೂರು ಬಗೆಯ ಹಗುರ ತೋಟೆಗಳಲ್ಲಿ ಒಂದನ್ನು ಇದೇ ಕಾರಣಕ್ಕೆ ಅವರು ಬೇಡವೆಂದರು. "ಸದ್ದು ಇಲ್ಲ, ಒದೆತ ಇಲ್ಲ, ಎಲ್ಲ ಸರಿ. ಆದ್ರೆ ಮೊಲವನ್ನು ಅರ್ಧ ಕೊಲ್ತದೆ. ಹೀಗೇ ಬರೀರಿ." ಅದನ್ನು ನಾನು ಹಾಗೇ ಬರೆದೆ. ಆ ಬಗೆಯನ್ನು ಕಂಪನಿ ತರಿಸಲಿಲ್ಲ. ಆಗ ನನಗೆ ಯಾವ ತೊಂದರೆಯೂ ಇರಲಿಲ್ಲ. ಉಳಿದ ಎರಡು ಬಗೆ ಇದ್ದವು.

ಹೊಸಬರಿಗೆ ಕಲಿಸುವಾಗ ಅವರು ಗುರಿಯ ಕಡೆ ನೋಡುತ್ತಲೇ ಇರಲಿಲ್ಲ. ಕಲಿಯುವವರ ಬಲಭುಜದ ಹಿಂದೆ ಅಂಗೈ ಹಿಡಿದು, ಮುಟ್ಟದೆ, ಭುಜವನ್ನೇ ನೋಡುತ್ತ ನಿಲ್ಲುತ್ತಿದ್ದರು. "ಗುರಿ ತಾಗಿತಾ ಇಲ್ವಾ ಅದು ಎಲ್ಲರಿಗೂ ಕಾಣ್ತದೆ. ಭುಜ ಹೇಳುದು ಬೇರೆ ಯಾರಿಗೂ ಕೇಳುದಿಲ್ಲ. ಹೆದರಿದ್ದಾರಾ, ದಣಿದಿದ್ದಾರಾ, ಕೋವಿ ಸರಿ ಉಂಟಾ, ಎಲ್ಲ ಅಲ್ಲಿ ಗೊತ್ತಾಗ್ತದೆ."

ಹೊಸಬರಿಗೆಂದು ಆರಿಸಿದ ತೋಟೆಯ ಪರೀಕ್ಷೆಯ ಕೊನೆಯ ದಿನ ಅದು. ಎಂಟು ಪೆಟ್ಟಿಗೆ, ಇನ್ನೂರು ತೋಟೆ. ನೂರೈವತ್ತು ದಾಟಿದ್ದೆವು. ಬಿಸ್ಕೆಟುಗಳೆಲ್ಲ ಇಡಿಯಾಗಿದ್ದವು, ಸದ್ದು ಎಷ್ಟು ಕಡಿಮೆಯೆಂದರೆ ಬೇಲಿಯಾಚೆಯ ಒಂಟೆಗಳು ಮೇವಿನಿಂದ ತಲೆ ಎತ್ತುತ್ತಿರಲಿಲ್ಲ. ಒಂದು ತೋಟೆ ಹಾರಿಸಿ ಇಚ್ಚ ಹಾಗೇ ನಿಂತುಬಿಟ್ಟರು. ನನಗೆ ಏನೂ ವ್ಯತ್ಯಾಸ ಕಾಣಿಸಲಿಲ್ಲ.

"ಮಾಸ್ಟ್ರೆ, ಇದು ಒದೆಯಲಿಲ್ಲ."

"ಒದೆಯದೇ ಇರೋದೇ ಅಲ್ವಾ ನಮಗೆ ಬೇಕಾದ್ದು?"

"ಕಮ್ಮಿ ಒದೆಯುದು ಬೇರೆ. ಇದು ಒದೆಯಲೇ ಇಲ್ಲ."

ಕೋವಿಯನ್ನು ಮಡಿಸಿ, ಖಾಲಿ ತೋಟೆ ತೆಗೆದು, ನಳಿಗೆಯನ್ನು ಆಕಾಶಕ್ಕೆ ಹಿಡಿದು ನನಗೆ ತೋರಿಸಿದರು. ಬೆಳಕು ಕಾಣಬೇಕಾದಲ್ಲಿ ಕಪ್ಪಗಿತ್ತು. ತೋಟೆಯೊಳಗೆ ಮದ್ದಿಗೂ ಚರೆಗೂ ನಡುವೆ ಒಂದು ಪ್ಲಾಸ್ಟಿಕ್ ಬಿರಡೆ ಇರುತ್ತದೆ. ಮದ್ದು ಸಾಲದೆ ಆ ಬಿರಡೆ ಹೊರಗೆ ಹೋಗದೆ ನಳಿಗೆಯ ಮಧ್ಯದಲ್ಲೇ ಸಿಕ್ಕಿಕೊಂಡಿತ್ತು. ಉದ್ದನೆಯ ಕೋಲಿನಿಂದ ಅದನ್ನು ನೂಕಿ ಹೊರಗೆ ಹಾಕಿ, ಬೆವರು ಒರೆಸಿಕೊಂಡು ಮೇಜಿನ ಹತ್ತಿರ ಕೂತರು.

"ಬರ್ಕೊಳ್ಳಿ. ಇದು ಒಳಗಿರುವಾಗ ಇನ್ನೊಂದು ಹಾರಿಸಿದ್ರೆ ನಳಿಗೆ ಒಡೀತದೆ. ಜೋರು ತೋಟೆ ಆದ್ರೆ ಹೊಸಬನಿಗೂ ಗೊತ್ತಾಗ್ತದೆ, ಯಾಕೆ ಇದು ಟುಸ್ ಅಂತು ಅಂತ. ಈ ತೋಟೆ ಮೊದಲೇ ಮೆತ್ತಗೆ. ಅವನ ಕಿವಿ ಬೇರೆ ಮುಚ್ಚಿರ್ತದೆ. ಸರಿಯಾದದ್ದು ಯಾವುದು, ಕೆಟ್ಟದ್ದು ಯಾವುದು, ಅವನಿಗೆ ಹೇಗೆ ಗೊತ್ತಾಗುದು? ಹಾಗಾಗಿ ಈ ಮಾಲು ಹೊಸಬರಿಗೆ ಕೊಡ್ಲಿಕ್ಕೆ ಆಗುದಿಲ್ಲ. ಕೊಟ್ರೂ ಪ್ರತಿ ಸಲ ನಳಿಗೆ ನೋಡಿಯೇ ಮುಂದಿನದ್ದು ಹಾಕ್ಬೇಕು."

ನಾನು ಅಕ್ಷರ ಬಿಡದೆ ಬರೆದುಕೊಂಡೆ. ಓದಿ ಹೇಳಿದೆ. "ಹಾಂ, ಅಷ್ಟೇ" ಎಂದರು.

ಆಫೀಸಿನಲ್ಲಿ ಮ್ಯಾನೇಜರ್ ಕರಡು ಓದಿದರು. ಬೆಂಗಳೂರಿನವರು, ಎಂದೂ ದನಿ ಎತ್ತಿದವರಲ್ಲ. "ಇನ್ನೂರರಲ್ಲಿ ಒಂದು, ಅಲ್ವಾ? ಎಲ್ಲ ಕಂಪನಿಯ ಮಾಲಲ್ಲೂ ಒಂದೊಂದು ಇರುತ್ತೆ. ಈ ಸಾಲು ಇದ್ರೆ ಕ್ಲಬ್‌ನವರು ಬಾಕಿ ಏನೂ ಓದಲ್ಲ. ಬರೀಲೇಬೇಕಾ ಅಂತ ನೀವೇ ಯೋಚನೆ ಮಾಡಿ" ಎಂದು ಕಾಗದ ನನ್ನ ಕೈಗೆ ಕೊಟ್ಟರು. ನಾನು ಬಾಗಿಲ ಹತ್ತಿರ ಹೋದಾಗ, "ಅಂದಹಾಗೆ, ನಿಮ್ಮ ಫ್ಯಾಮಿಲಿ ವೀಸಾ ಕಾಗದಕ್ಕೆ ನಾಳೆ ಸೈನ್ ಮಾಡ್ತೀನಿ" ಎಂದರು. ಎರಡಕ್ಕೂ ಸಂಬಂಧವಿದೆಯೆಂದು ಅವರು ಹೇಳಲಿಲ್ಲ. ಇರಲೂ ಇಲ್ಲವೇನೋ. ಸಂಬಂಧ ಕಲ್ಪಿಸಿಕೊಂಡವನು ನಾನು. ಹೆಂಡತಿ, ಮಗಳು ಮೈಸೂರಿನಲ್ಲಿ ಸೂಟ್‌ಕೇಸ್ ತೆಗೆದಿಟ್ಟು ಕೂತಿದ್ದರು. ಹತ್ತು ನಿಮಿಷ ಕುರ್ಚಿಯಲ್ಲಿ ಕೂತೆ. ಆಮೇಲೆ ಆ ಪ್ಯಾರಾ ಅಳಿಸಿ, 'ಇನ್ನೂರು ತೋಟೆಗಳೂ ಸರಿಯಾಗಿ ಕೆಲಸ ಮಾಡಿದವು. ಹೊಸಬರಿಗೆ ಸೂಕ್ತ' ಎಂದು ಇಂಗ್ಲಿಷಿನಲ್ಲಿ ಬರೆದೆ. ಬಿಡುವುದು ಒಂದು ತಪ್ಪಾದರೆ, ಅದರ ಜಾಗಕ್ಕೆ ಸುಳ್ಳನ್ನು ತಂದು ಕೂರಿಸಿದ್ದು ಪೂರ್ತಿ ನನ್ನದೇ.

ಸಹಿಗೆ ಹೋದಾಗ ಇಚ್ಚ ನಮಾಜು ಮುಗಿಸಿ ಬರುತ್ತಿದ್ದರು. "ಎಲ್ಲ ಬರ್ದಿದ್ದೀರಲ್ಲ?" ಎಂದು ಕೇಳಿದರು. "ಬರೆದಿದೀನಿ ಇಚ್ಚ" ಎಂದೆ. ಕಾಗದವನ್ನು ಕಾರಿನ ಬಾನೆಟ್ಟಿನ ಮೇಲಿಟ್ಟು, ಕನ್ನಡದಲ್ಲಿ, ಶಾಲೆಯ ಹುಡುಗರ ಹಾಗೆ ಗುಂಡಗೆ ಸಹಿ ಹಾಕಿದರು.

ಮೂರು ತಿಂಗಳಾದ ಮೇಲೆ ಅದು ನಡೆಯಿತು. ನಾನು ಅಲ್ಲಿರಲಿಲ್ಲ, ಕೌಂಟರಿನ ಮಲಯಾಳಿ ಹೇಳಿದ್ದು. ಕಾಲೇಜಿಗೆ ಹೋಗುವ ಒಬ್ಬ ಹುಡುಗಿ ತಂದೆಯ ಜೊತೆ ಮೊದಲ ಸಲ ಬಂದಿದ್ದಳು. ಒಂದು ನಳಿಗೆಯ ಹಗುರ ಕೋವಿ, ನಾವು ಕೊಟ್ಟ ತೋಟೆ. ಪಕ್ಕದಲ್ಲಿ ಹೊಸ ತರಬೇತುದಾರ. ಹಾರಿಸುವವರು ನಿಲ್ಲುವ ಗೂಡುಗಳಲ್ಲಿ ಎರಡು ಗೂಡು ಆಚೆ ಇಚ್ಚ ಬೇರೆ ಯಾರಿಗೋ ಕಲಿಸುತ್ತಿದ್ದರು. ಹುಡುಗಿ ಹಾರಿಸಿದಳು. ಹಾರುವ ಮಣ್ಣಿನ ಬಿಲ್ಲೆಗೆ ತಾಗಲಿಲ್ಲ. ನಕ್ಕಳಂತೆ. ತರಬೇತುದಾರನೂ ನಕ್ಕು, ಖಾಲಿ ತೋಟೆ ತೆಗೆದು ಇನ್ನೊಂದು ಹಾಕಿಕೊಟ್ಟ. ಅಷ್ಟರಲ್ಲಿ ಇಚ್ಚ "ವಕ್ಕಿಫ್! ಸ್ಟಾಪ್! ಸ್ಟಾಪ್!" ಎಂದು ಕೂಗುತ್ತ ಓಡತೊಡಗಿದ್ದರು. ಅವಳ ಭುಜ ಅಲುಗದೇ ಇದ್ದದ್ದು ಅವರ ಕಣ್ಣಿಗೆ ಬಿದ್ದಿತ್ತು. ಎಲ್ಲರ ಕಿವಿಯೂ ಮುಚ್ಚಿತ್ತು, ಯಾರಿಗೂ ಕೇಳಿಸಲಿಲ್ಲ. ಅವರು ತಲುಪಿ ಎಡಗೈಯಿಂದ ನಳಿಗೆ ಹಿಡಿದು ಅವಳ ಮುಖದಿಂದ ಆಚೆ ತಳ್ಳುವುದಕ್ಕೂ ಅವಳು ಟ್ರಿಗರ್ ಎಳೆಯುವುದಕ್ಕೂ ಸರಿಹೋಯಿತು. ನಳಿಗೆ ಅವರ ಕೈಯೊಳಗೇ ಸೀಳಿತು.

ಹುಡುಗಿಗೆ ಕೆನ್ನೆಯ ಮೇಲೆ ಒಂದು ತರಚು ಗಾಯ. ಇಚ್ಚನಿಗೆ ಎಡಗೈಯ ಎರಡು ಬೆರಳು ಹೋದವು, ಹೆಬ್ಬೆರಳು ಮಡಿಸಲು ಬರದಂತಾಯಿತು.

ಆಸ್ಪತ್ರೆಯಿಂದ ಬಂದ ಮರುವಾರ ಕ್ಲಬ್ಬಿನವರು ವಿಚಾರಣೆ ಇಟ್ಟರು. ಉದ್ದನೆಯ ಮೇಜು. ಒಂದು ಕಡೆ ಕ್ಲಬ್ಬಿನ ಸುರಕ್ಷತಾ ಅಧಿಕಾರಿ, ಈಜಿಪ್ಟಿನವರು. ಇನ್ನೊಂದು ಕಡೆ ಇಚ್ಚ. ಎದುರಿಗೆ ಮ್ಯಾನೇಜರ್ ಮತ್ತು ನಾನು. ಅಧಿಕಾರಿ ವರದಿಯನ್ನು ತೆಗೆದು, ಆ ಸಾಲನ್ನು ಓದಿ, ಅರಬ್ಬಿಯಲ್ಲಿ ಹೇಳಿದರು. ನನಗೂ ಅರ್ಥವಾಗುವಷ್ಟು ಸರಳವಾಗಿತ್ತು. "ಇನ್ನೂರೂ ಸರಿ ಇದ್ದವು ಅಂತ ನೀನು ಬರೆದುಕೊಟ್ಟಿದ್ದೀಯ. ಇದು ನಿನ್ನ ಸಹಿಯಾ?"

ಇಚ್ಚ ಕಾಗದದ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದರು. ಸಿಟ್ಟಿನ ನೋಟವಲ್ಲ. ಬಸ್ಸಿನಲ್ಲಿ ಮುಂದೆ ನಿಂತವರು ಇಳಿಯುತ್ತಾರೇನೋ ಎಂದು ಕಾಯುತ್ತೇವಲ್ಲ, ಹಾಗೆ. ನಾನು ಗೋಡೆಯ ಮೇಲಿನ ಎ.ಸಿ.ಯ ಕಡೆ ನೋಡಿದೆ. ಅದರ ಪಟ್ಟಿಗಳನ್ನು ಎಣಿಸಿದೆ.  

"ಸಹಿ ನನ್ನದೇ" ಎಂದರು ಇಚ್ಚ.

ಅಷ್ಟಕ್ಕೇ ಎಲ್ಲ ಮುಗಿಯಿತು. ತೋಟೆಗಳನ್ನು ವಾಪಸು ಕಳಿಸಲಾಯಿತು. ಪರೀಕ್ಷೆಯಲ್ಲಿ ಅಜಾಗರೂಕತೆ ತೋರಿದ್ದಕ್ಕೆ, ಕೈಯೂ ಕೆಲಸಕ್ಕೆ ಬಾರದ್ದರಿಂದ, ಇಚ್ಚನನ್ನು ಊರಿಗೆ ಕಳಿಸುವುದೆಂದು ತೀರ್ಮಾನವಾಯಿತು.

ಹೊರಡುವ ಮೊದಲು ಅವರು ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ತಮ್ಮ ತಂಗಿಯ ಮಗನ ರೂಮಿನಲ್ಲಿದ್ದರು. ಒಂದು ಶುಕ್ರವಾರ ಜುಮ್ಮಾ ನಮಾಜು ಮುಗಿಯುವ ಹೊತ್ತಿಗೆ ಹೋದೆ. ಅಷ್ಟರಲ್ಲಿ ನನ್ನ ಹೆಂಡತಿ, ಮಗಳು ಬಂದು ತಿಂಗಳಾಗಿತ್ತು. "ಪಾಪ, ಆ ಹುಡುಗಿಯನ್ನ ಕಾಪಾಡಿದೋರು ಅಲ್ವಾ" ಎಂದು ಹೆಂಡತಿ ರವೆ ಉಂಡೆ ಮಾಡಿ ಡಬ್ಬಿಗೆ ತುಂಬಿಕೊಟ್ಟಿದ್ದಳು. ಅವಳಿಗೆ ನಾನು ಏನೂ ಹೇಳಿರಲಿಲ್ಲ. ರೂಮಿನಲ್ಲಿ ಆರು ಮಂಚ. ಕೆಳಗಿನ ಒಂದರ ಮೇಲೆ ಇಚ್ಚ ಕೂತಿದ್ದರು. ಪಟ್ಟಿ ಕಟ್ಟಿದ ಕೈ ದಿಂಬಿನ ಮೇಲಿತ್ತು. ಡಬ್ಬಿ ತೆಗೆದು ಒಂದು ಉಂಡೆ ಬಾಯಿಗೆ ಹಾಕಿಕೊಂಡು, "ಮನೆಯವರು ಮಾಡಿದ್ದಾ? ಲಾಯ್ಕಾಗಿದೆ ಅಂತ ಹೇಳಿ" ಎಂದರು.

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. "ಇಚ್ಚ, ಆ ವರದಿಯಲ್ಲಿ..." ಎಂದೆ.

"ಗೊತ್ತುಂಟು. ಸಹಿ ಹಾಕಿ ಎರಡು ವಾರಕ್ಕೆ ಗೊತ್ತಾಯ್ತು. ಕೌಂಟರಿನವನ ಹತ್ರ ಓದಿಸಿದೆ. ನಾನು ಹೇಳಿದ್ದು ಅದರಲ್ಲಿ ಇರಲಿಲ್ಲ."

"ಮತ್ತೆ ಯಾಕೆ ಸುಮ್ಮನಿದ್ರಿ? ವಿಚಾರಣೆಯಲ್ಲಾದ್ರೂ ಹೇಳಬಹುದಿತ್ತಲ್ಲ? ನನ್ನನ್ನ ಉಳಿಸೋಕೆ..."

"ನಿಮ್ಮನ್ನು ಉಳಿಸ್ಲಿಕ್ಕೆ ಅಲ್ಲ ಮಾಸ್ಟ್ರೆ" ಎಂದು ಅವರು ತಡೆದರು. ದನಿಯಲ್ಲಿ ಮೊದಲ ಸಲ ಬಿಸಿಯಿತ್ತು. "ನೀವು ಹಾಗೆ ಎಣಿಸುದು ಬೇಡ. ಆ ತಿಂಗಳು ನನ್ನ ವೀಸಾ ರಿನೀವಲ್ ಇತ್ತು. ಅರುವತ್ತು ಹತ್ರ ಬಂತು. ಈಗ ಬಾಯಿ ಬಿಟ್ರೆ, ಈ ಮುದುಕನಿಗೆ ಇನ್ನೆರಡು ವರ್ಷ ಯಾಕೆ ಅಂತ ಕೇಳ್ತಾರೆ ಅಂತ ಹೆದರಿದೆ. ಎಲ್ಲರ ಭುಜ ನೋಡ್ತಾ ನಿಂತ್ರೆ ಸಾಕು, ನಾನೇ ಕಾಯ್ತೇನೆ ಅಂತ ಎಣಿಸಿದೆ. ಅದಾದ ಮೇಲೂ ಮಕ್ಕಳ ಕೈಗೆ ಆ ತೋಟೆ ಕೊಟ್ಟದ್ದು ನಾನೇ, ಗೊತ್ತಿದ್ದು ಕೊಟ್ಟದ್ದು. ಹಾಗಾಗಿ ಸಹಿ ನನ್ನದು ಅಂತ ಹೇ‍ಳಿದೆ. ನನ್ನದು ನಾನು ಹೊತ್ತೆ. ಬೆರಳು ಎರಡೇ ಹೋದದ್ದು ಅಂತ ಅಲ್ಲಾಹನಿಗೆ ಶುಕ್ರ್ ಹೇಳ್ತೇನೆ."

ಬಲಗೈಯಿಂದ ಡಬ್ಬಿಯ ಮುಚ್ಚಳ ಒತ್ತಿ, "ನಿಮ್ಮದು ನಿಮಗುಂಟು" ಎಂದರು. ಆಮೇಲೆ ತಂಗಿಯ ಮಗನನ್ನು ಕರೆದು ನನಗೆ ಚಹಾ ಮಾಡಲು ಹೇಳಿದರು. ಕುಡಿದೆ. ಬಾಗಿಲವರೆಗೆ ಬಂದು ಸಲಾಂ ಹೇಳಿದರು. ಇನ್ನೊಮ್ಮೆ ಅವರನ್ನು ನೋಡಲಿಲ್ಲ.

ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಕ್ಷಮಿಸಿದೆ ಎಂದಿದ್ದರೂ ಆಗುತ್ತಿತ್ತು. ಅವರು ತಮ್ಮ ಪಾಲನ್ನಷ್ಟೇ ಎತ್ತಿಕೊಂಡು ಹೋದರು. ನನ್ನ ಪಾಲನ್ನು ನಾನು ಎರಡು ವರ್ಷ ಮುಟ್ಟಲಿಲ್ಲ. ಆ ಕಂಪನಿ ಬಿಟ್ಟು ಜೆಬೆಲ್ ಅಲಿಯ ಗೋದಾಮೊಂದರಲ್ಲಿ ಕೆಲಸಕ್ಕೆ ಸೇರಿದೆ. ಹಬ್ಬಕ್ಕೆ ಅವರಿಗೆ ಮೆಸೇಜು ಹಾಕುತ್ತಿದ್ದೆ. ಅವರು 'ಈದ್ ಮುಬಾರಕ್ ಮಾಸ್ಟ್ರೆ' ಎಂದು ಧ್ವನಿಯಲ್ಲಿ ಉತ್ತರಿಸುತ್ತಿದ್ದರು. ಅಷ್ಟೇ.

ಅವರು ತೀರಿಕೊಂಡ ಸುದ್ದಿಯನ್ನು ತಂಗಿಯ ಮಗ ತಿಳಿಸಿದ. ಹೃದಯಾಘಾತವಂತೆ. ಎರಡು ದಿನ ಬಿಟ್ಟು, ಊಟದ ವಿರಾಮದಲ್ಲಿ ಗೋದಾಮಿನ ಹೊರಗೆ ನಿಂತು ಅವರ ಮಗಳಿಗೆ ಫೋನ್ ಮಾಡಿದೆ. ಅವಳು ಬಂಟ್ವಾಳದ ಕಡೆಯ ಶಾಲೆಯೊಂದರಲ್ಲಿ ಟೀಚರು. "ಅಬ್ಬ ನಿಮ್ಮ ಬಗ್ಗೆ ಹೇಳ್ತಿದ್ರು. ಮೈಸೂರಿನ ಮಾಸ್ಟ್ರು ಅಂತ" ಎಂದಳು. ಆ ಮಾತು ಕೇಳಿ ತಡೆಯಲಾಗಲಿಲ್ಲ. ಇದ್ದದ್ದನ್ನೆಲ್ಲ ಹೇಳಿಬಿಟ್ಟೆ. 

ಕೊನೆಗೆ ಕೇಳಿದಳು: "ಇದನ್ನು ಅಲ್ಲಿ ಹೇಳಿದ್ರಾ?"

"ಎಲ್ಲಿ?"

"ಕ್ಲಬ್ಬಲ್ಲಿ. ಅಬ್ಬನನ್ನು ಕಳಿಸಿದ್ದು ಅವರಲ್ವಾ?"

"ಇಲ್ಲ" ಎಂದೆ.

"ಮತ್ತೆ ನಮ್ಮತ್ರ ಯಾಕೆ ಹೇಳ್ತೀರಿ? ಎಚ್ಚರ ಇಲ್ಲದೆ ಕೆಲಸ ಮಾಡಿದ್ದು ಅಂತ ಬರೆದ ಕಾಗದ ಇಲ್ಲಿ ಅಲಮಾರಿಯಲ್ಲಿ ಉಂಟು. ಅಬ್ಬ ಅದನ್ನು ಯಾರಿಗೂ ತೋರಿಸ್ಲಿಲ್ಲ" ಎಂದು ಫೋನ್ ಇಟ್ಟಳು.

ಮರುದಿನ ರಜೆ ಹಾಕಿ ಕ್ಲಬ್ಬಿಗೆ ಹೋದೆ. ಅದೇ ಅಧಿಕಾರಿ ಇದ್ದರು. ಕೇಳಿಸಿಕೊಂಡು, ಒಂದು ಖಾಲಿ ಹಾಳೆ ಮುಂದಿಟ್ಟರು. ಬರೆದೆ. ಇಂಗ್ಲಿಷಿನಲ್ಲೇ ಬರೆದೆ, ಇಚ್ಚ ಅಂದು ಹೇಳಿದ್ದೇನು, ನಾನು ಅಳಿಸಿದ್ದೇನು, ಅದರ ಜಾಗದಲ್ಲಿ ಬರೆದದ್ದೇನು. ಕೆಳಗೆ ನನ್ನ ಸಹಿ. ಅವರು ಅದನ್ನು ಹಳೆಯ ಫೈಲಿಗೆ ಸೇರಿಸಿದರು. 'ಅಜಾಗರೂಕತೆ' ಎಂಬ ಮಾತನ್ನು ಹಿಂತೆಗೆದುಕೊಂಡು ಮನೆಯವರಿಗೆ ಪತ್ರ ಕಳಿಸುತ್ತೇವೆ ಎಂದರು, ಕಳಿಸಿದರು ಕೂಡ. ನನಗೆ ಏನೂ ಆಗಲಿಲ್ಲ. ಹಳೆಯ ಕಂಪನಿಗೆ ಅವರು ಒಂದು ಪತ್ರ ಬರೆದರಂತೆ, ನಾನು ಅಲ್ಲಿರಲಿಲ್ಲ. ಏನೂ ಕಳೆದುಕೊಳ್ಳಬೇಕಿಲ್ಲದ ಕಾಲ ಬರುವವರೆಗೆ ಕಾದು ಸತ್ಯ ಹೇಳಿದೆನೆಂಬುದು ನನಗೆ ಗೊತ್ತಿದೆ.

ಅಂದು ಕ್ಲಬ್ಬಿನ ಪಾರ್ಕಿಂಗಿನಿಂದಲೇ ಇಚ್ಚನ ಮಗಳಿಗೆ ಫೋನ್ ಮಾಡಿ, ಹೇಳಿ ಬಂದೆ ಎಂದೆ.

"ಎಂತ ಬರ್ದಿರಿ?" ಎಂದು ಕೇಳಿದಳು.

"ನಡೆದದ್ದೆಲ್ಲ ಬರೆದೆ. ಅದರ ಫೋಟೊ ಕಳಿಸ್ತೀನಿ."

"ಫೋಟೊ ಆಮೇಲೆ ಕಳಿಸಿ. ಉಮ್ಮ ಇಲ್ಲೇ ಕೂತಿದ್ದಾರೆ, ಅವರಿಗೆ ಇಂಗ್ಲಿಷ್ ಬರುದಿಲ್ಲ. ಕನ್ನಡದಲ್ಲಿ ಓದಿ ಹೇಳಿ. ಪೂರ್ತಿ ಓದಿ."

ಮೊಬೈಲಿನಲ್ಲಿದ್ದ ಚಿತ್ರವನ್ನು ದೊಡ್ಡದು ಮಾಡಿಕೊಂಡು ಸಾಲು ಸಾಲಾಗಿ ಕನ್ನಡ ಮಾಡುತ್ತ ಓದಿದೆ. ಅವಳು ಸ್ಪೀಕರಿಗೆ ಹಾಕಿದ್ದಳು, ಆ ಕಡೆ ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು. ನನ್ನ ಹೆಸರಿನವರೆಗೂ ಓದಿ ನಿಲ್ಲಿಸಿದೆ. ಅವಳ ತಾಯಿ ಬ್ಯಾರಿಯಲ್ಲಿ ಏನೋ ಹೇಳಿದರು. ಮಗಳು ಅದನ್ನು ನನಗೆ ಕನ್ನಡದಲ್ಲಿ ಹೇಳಿದಳು.

"ಉಮ್ಮ ಕೇಳ್ತಾರೆ, ಅವತ್ತು ಸಹಿ ಹಾಕುವಾಗ ಅಬ್ಬನಿಗೂ ಹೀಗೆ ಒಮ್ಮೆ ಓದಿ ಹೇಳ್ಲಿಕ್ಕೆ ನಿಮಗೆ ಎಷ್ಟು ಹೊತ್ತು ಬೇಕಿತ್ತು ಅಂತ."